ಸಹಾಯ ಬೇಕು: ಹೆದರೋ ನಾಯಿಗಳ ಟ್ರೈನರ್ ಆಗೋಕೆ ಮೊದಲು ಯಾವ ದಾರಿ?

ನಮಸ್ಕಾರ. ಅಂಜುಬುರುಕ ನಾಯಿಗಳಿಗೆ ಧೈರ್ಯ ಬರಿಸೋ ಕೆಲಸವನ್ನೇ ವೃತ್ತಿ ಮಾಡ್ಕೊಬೇಕು ಅಂತಿದೀನಿ. ಸಿಪಿಡಿಟಿ-ಕೆಎ (ನಾಯಿ ಟ್ರೈನರ್‌ಗಳಿಗೆ ಕೊಡೋ ಒಂದು ಪ್ರಮಾಣಪತ್ರ) ಪರೀಕ್ಷೆಗೆ ಹಿಂದಿನ 3 ವರ್ಷದಲ್ಲಿ ಕನಿಷ್ಠ 300 ಗಂಟೆ ತರಬೇತಿ ಅನುಭವ ತೋರಿಸಬೇಕು. ತೊಡಕು ಇರೋದು ಇಲ್ಲೇ.

ಬೆಂಗಳೂರಿನ ಒಂದು ಶೆಲ್ಟರ್‌ನಲ್ಲಿ ವಾರಕ್ಕೆ 6 ಗಂಟೆ ಇರ್ತೀನಿ. ಬೋನು ತೊಳೆದು ಊಟ ಹಾಕೋದ್ರಲ್ಲೇ 4 ಗಂಟೆ ಹೋಗುತ್ತೆ. ಉಳಿದ 2 ಗಂಟೆಯಲ್ಲಿ ನಾಯಿಗೆ 3-5 ನಿಮಿಷದಂತೆ ಅಭ್ಯಾಸ: ಪಕ್ಕಕ್ಕೆ ತಿರುಗಿ ಕೂತು, ಬೇಯಿಸಿದ ಚಿಕನ್ ಚೂರನ್ನ ನಾಯಿಯ ಹಿಂದಕ್ಕೆ ಎಸೆಯೋದು. ಹತ್ತಿರ ಹಾಕಿದ್ರೆ ಆಸೆಗೆ ಬಂದು, ತಿಂದ ಕೂಡಲೇ ಗಾಬರಿಯಾಗಿ ಕಚ್ಚಬಹುದು. ತಿನ್ನೋದು ನಿಲ್ಲಿಸಿದ್ರೆ ದೂರ ಸಾಲದು ಅಂತ ಅರ್ಥ, ಹಿಂದೆ ಸರೀತೀನಿ. ಈ ಲೆಕ್ಕದಲ್ಲಿ 300 ಗಂಟೆಗೆ 150 ವಾರ ಬೇಕು, 3 ವರ್ಷದ ಗಡುವೇ ಮುಗಿಯುತ್ತೆ!

ಸಹಾಯಕರಾಗಿ ಸೇರೋಣ ಅಂತ ಇಬ್ಬರು ಟ್ರೈನರ್‌ಗಳನ್ನ ಕೇಳಿದೆ. ಇಬ್ಬರೂ ಬಳಸೋದು ಚೋಕ್ ಚೈನ್, ಅಂದ್ರೆ ಎಳೆದ್ರೆ ನಾಯಿ ಕುತ್ತಿಗೆ ಬಿಗಿಯೋ ಸರಪಳಿ. ನಾಯಿ ಸುಮ್ಮನಾಗುತ್ತೆ ನಿಜ, ಆದ್ರೆ ಅದು ಧೈರ್ಯ ಅಲ್ಲ, ಮರಗಟ್ಟಿರೋದು.

ಮೊದಲು ಮಾಮೂಲಿ ನಾಯಿಮರಿ ಕ್ಲಾಸ್ ನಡೆಸಿ ಗಂಟೆ ತುಂಬಿಸ್ಕೊಳ್ಳೋದಾ, ಇಲ್ಲ ಶೆಲ್ಟರ್‌ನಲ್ಲೇ ತರಬೇತಿ ಅವಧಿ ಹೆಚ್ಚಿಸಿ ಕೇಳೋದಾ? ಪರೀಕ್ಷೆ ಪಾಸಾದವರು ತಮ್ಮ ಗಂಟೆಗಳನ್ನ ಹೇಗೆ ಕೂಡಿಸಿದ್ರಿ, ದಾಖಲೆ ಹೇಗಿಟ್ರಿ ಹೇಳ್ತೀರಾ?