ಮುಲ್ತಾನಿನ ಡಿಕ್ಲೇರು

ನಮ್ಮ ರಾತ್ರಿಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಐವತ್ತೆಂಟು ಜನ ಇದ್ದೇವೆ. ಮುಂಬೈ ಫೋರ್ಟಿನ ಹೋಟೆಲುಗಳಲ್ಲಿ ಹಗಲಿಡೀ ಲೋಟ ತೊಳೆದು, ಟೇಬಲ್ ಒರೆಸಿ, ಸಂಜೆ ಕನ್ನಡ ಮೀಡಿಯಮ್ಮಿನ ಬೆಂಚಿನ ಮೇಲೆ ತೂಕಡಿಸುತ್ತ ಎಸ್ಸೆಸ್ಸಿ ದಾಟಿದವರು. ಈಗ ಡೊಂಬಿವಲಿ, ಮೀರಾರೋಡು, ಘಾಟ್‌ಕೋಪರ್, ಪುಣೆ ಅಂತ ಚದುರಿದ್ದೇವೆ. ದಿನಕ್ಕೆ ಮೂವತ್ತು ಶುಭೋದಯ, ತಿಂಗಳಿಗೊಂದು ಶ್ರದ್ಧಾಂಜಲಿ. ಅಡ್ಮಿನ್ ನಾನು. ಮೊದಲು ಸ್ಮಾರ್ಟ್‌ಫೋನ್ ತಗೊಂಡದ್ದೇ ನನ್ನ ತಪ್ಪು.

ಕಳೆದ ಶನಿವಾರ ರಾತ್ರಿ ಒಂಬತ್ತೂ ಕಾಲಿಗೆ ಪೂಜಾರಿ ಒಂದು ಚಿತ್ರ ಹಾಕಿದ. ಮೇಲೆ ಎರಡು ಬಾಣದ ಗುರುತು, ಅಂದರೆ ಊರೆಲ್ಲ ಸುತ್ತಿ ಬಂದ ಸರಕು. ಹಸಿರು ಹಿನ್ನೆಲೆ, ದ್ರಾವಿಡ್ ಮುಖದ ಮೇಲೆ ಕೆಂಪು ಗೀಟು. "ಭಾರತದ 5 ಓವರ್‌ರೇಟೆಡ್ ದಿಗ್ಗಜರು. ಸತ್ಯ ಕಹಿ. ಧೈರ್ಯ ಇದ್ದರೆ ಹಂಚಿ." ಮೊದಲ ಹೆಸರಿನ ಎದುರು ಹೀಗಿತ್ತು: "ಆಟಗಾರನಾಗಿ ಆಮೆ, ಕೋಚ್ ಆಗಿ ಅದೃಷ್ಟವಂತ, ನಾಯಕನಾಗಿ ಸ್ವಾರ್ಥಿ. ಮುಲ್ತಾನಿನಲ್ಲಿ ಸಚಿನ್ 199ರಲ್ಲಿದ್ದಾಗ ಡಿಕ್ಲೇರ್ ಮಾಡಿ ದ್ರೋಹ." ಡಿಕ್ಲೇರ್ ಅಂದರೆ ಎಲ್ಲರೂ ಔಟಾಗುವ ಮೊದಲೇ ಸಾಕು ಅಂತ ಕ್ಯಾಪ್ಟನ್ ತನ್ನವರ ಬ್ಯಾಟಿಂಗ್ ನಿಲ್ಲಿಸುವುದು. ಕೆಳಗಿನ ಹೆಸರುಗಳು ಸಣ್ಣ ಅಕ್ಷರದಲ್ಲಿದ್ದವು, ಯಾರೂ ಓದಲಿಲ್ಲ. ಐದು ಅಂತ ಶೀರ್ಷಿಕೆ ಇದ್ದರೂ ಹೆಸರು ಇದ್ದದ್ದು ನಾಲ್ಕೇ. ಅದನ್ನು ನಾನು ಎಣಿಸಿದ್ದೂ ಮರುದಿನವೇ.

ಚಿತ್ರದ ಕೆಳಗೆ ಪೂಜಾರಿ ಎರಡು ಶಬ್ದ ಸೇರಿಸಿದ್ದ: "ಶೆಟ್ರಿಗೆ ಅರ್ಪಣೆ."

ನಮ್ಮ ಸಿಎ ಮೊದಲು ಬಂದ. ಚಾ ಮಾಣಿಯಾಗಿದ್ದವ ಓದಿ ಓದಿ ಚಾರ್ಟರ್ಡ್ ಅಕೌಂಟೆಂಟ್ ಆದವ. ಅವನಿಗೆ ಶುಭೋದಯಕ್ಕೂ ವೋಚರ್ ಬೇಕು.

ಸಿಎ: ಸೋರ್ಸ್ ಎಲ್ಲಿ? 199 ಅಲ್ಲ, 194 ನಾಟೌಟ್. 2004ರ ಮಾರ್ಚ್.

ಪೂಜಾರಿ: ಐದು ರನ್ನಿಗೆ ಆಡಿಟ್ ಮಾಡ್ಬೇಡ ಮಾರಾಯ. ದ್ರೋಹ ದ್ರೋಹವೇ.

ಸಿಎ: ಸ್ಕೋರು 675ಕ್ಕೆ 5. ಎರಡನೇ ದಿನದ ಆಟ ಮುಗಿಯುತ್ತ ಬಂದಿತ್ತು. ಯುವರಾಜ್ ಔಟಾದ ಕೂಡಲೇ ಕರೆದರು. ಇನ್ನಿಂಗ್ಸ್ ಮತ್ತು 52 ರನ್ನಿಂದ ಗೆದ್ದೆವು. ಪಾಕಿಸ್ತಾನದ ನೆಲದಲ್ಲಿ ನಮ್ಮ ಮೊದಲನೇ ಟೆಸ್ಟ್ ಗೆಲುವು. ಇದರಲ್ಲಿ ಸ್ವಾರ್ಥ ಎಲ್ಲುಂಟು?

ಪೂಜಾರಿ: ಗೆಲ್ಲಿಸಿದ್ದು ಸೆಹ್ವಾಗನ 309. ಇನ್ನೆರಡು ಓವರ್ ಕೊಟ್ಟಿದ್ರೆ ಆಕಾಶ ಬೀಳ್ತಿತ್ತಾ?

ಆಮೇಲೆ ಹತ್ತು ನಿಮಿಷ "ಶೆಟ್ರು ಟೈಪ್ ಮಾಡುತ್ತಿದ್ದಾರೆ" ಅಂತ ಬರುವುದು, ಮಾಯವಾಗುವುದು, ಮತ್ತೆ ಬರುವುದು. ಕಡೆಗೆ ಬಂದದ್ದು ಒಂದೇ ಸಾಲು.

ಶೆಟ್ರು: ಟೀಮು ದೊಡ್ಡದಾ, ನಿನ್ನ ರನ್ನು ದೊಡ್ಡದಾ?

"ನಿನ್ನ" ಅಂದದ್ದನ್ನು ಗಮನಿಸಿ. ಸಚಿನನ ರನ್ನಲ್ಲ. ಹೊಸಬರಿಗೆ ಇದು ಕ್ರಿಕೆಟ್ ಚರ್ಚೆಯ ಹಾಗೆ ಕಂಡಿರಬಹುದು. 1987ರ ಆ ಭಾನುವಾರ ಆಜಾದ್ ಮೈದಾನದಲ್ಲಿದ್ದ ನಾವೊಂದು ಹದಿನೈದು ಜನರಿಗೆ ಮಾತ್ರ ಹೊಟ್ಟೆಯೊಳಗೆ ಸಣ್ಣಗೆ ನಡುಕ.

ಆಜಾದ್ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಒಂದರ ಮೇಲೊಂದು ಹತ್ತಾರು ಪಂದ್ಯ ನಡೆಯುತ್ತವೆ. ಒಬ್ಬನ ಪಾಯಿಂಟ್ ಇನ್ನೊಬ್ಬನ ಲಾಂಗ್ ಆನ್. ಫೋರ್ಟಿನ ಇನ್ನೊಂದು ರಾತ್ರಿಶಾಲೆಯ ಮೇಲೆ ನಮ್ಮದೊಂದು ಮ್ಯಾಚು, ಇಪ್ಪತ್ತು ಓವರಿನದ್ದು. ಪೂಜಾರಿ ಓಪನಿಂಗ್. ಹೋಟೆಲಿನಲ್ಲಿ ಕೈ ತುಂಬ ಸುಟ್ಟ ಕಲೆ. ಗ್ಲೌಸ್ ಇಲ್ಲ, ಒಂದೇ ಪ್ಯಾಡು, ಅದೂ ಬಲಗಾಲಿಗೆ. ಅವ ಆಡಿದ ಹಾಗೆ ಆ ದಿನ ಯಾರೂ ಆಡಲಿಲ್ಲ, ಅದನ್ನು ಇವತ್ತೂ ಹೇಳುತ್ತೇನೆ. ಹದಿನೆಂಟನೇ ಓವರಿನಲ್ಲಿ ಅವನು 46. ಕ್ಯಾಪ್ಟನ್ ಆಗಿದ್ದ ಶೆಟ್ರು ಗಡಿಯಾರ ನೋಡಿ "ಸಾಕು, ಬನ್ನಿ" ಅಂತ ಕೈ ಬೀಸಿದರು. ನಾವು ಗೆದ್ದೆವು. ಶಾಲೆಯಲ್ಲಿ ಐವತ್ತು ಹೊಡೆದವನಿಗೆ ಒಂದು ಸ್ಟೀಲಿನ ಡಬ್ಬಿ ಅಂತ ಇತ್ತು. ಪೂಜಾರಿಗೆ ಆ ಡಬ್ಬಿ ಸಿಗಲಿಲ್ಲ. ಈಗ ಅವನಿಗೆ ಕಲ್ಯಾಣದಲ್ಲಿ ಎರಡು ಪಾತ್ರೆ ಅಂಗಡಿ ಉಂಟು, ಆದರೂ ಆ ಡಬ್ಬಿ ಬೇಕು.

ಇಷ್ಟರಲ್ಲಿ ಮೇಷ್ಟ್ರು ಬಂದರು. ಎಂಬತ್ತನಾಲ್ಕು ವರ್ಷ. ಅವರು ಹೇಳುತ್ತಾರೆ, ಮಗಳು ಬರೆಯುತ್ತಾಳೆ.

ಮೇಷ್ಟ್ರು: ಮಕ್ಕಳೇ, ಆಟದಲ್ಲಿ ಸೋಲು ಗೆಲುವು ಮುಖ್ಯವಲ್ಲ, ನಡತೆ ಮುಖ್ಯ. ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥರನ್ನು ನೋಡಿ. ಇದೇ ಮುಂಬಯಿಯಲ್ಲಿ ಔಟಾದವನನ್ನು ವಾಪಸ್ ಕರೆದರು. (ಅಪ್ಪನಿಗೆ ಬಿಪಿ ಉಂಟು, ದಯವಿಟ್ಟು ಜಗಳ ಬೇಡ. ಮಗಳು.)

ಪೂಜಾರಿ: ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಉಂಟು. ಆದರೆ ಓವರ್‌ರೇಟೆಡ್ ಅಂದ್ರೆ ಅದೇ. ವಾಪಸ್ ಕರೆದು ಮ್ಯಾಚೇ ಹೋಯ್ತಲ್ಲ.

ಸಿಎ: ಇದು ಸರಿ. 1980ರ ಫೆಬ್ರವರಿ, ವಾಂಖೆಡೆ, ಜುಬಿಲಿ ಟೆಸ್ಟ್. ಇಂಗ್ಲೆಂಡ್ 58ಕ್ಕೆ 5. ಬಾಬ್ ಟೇಲರನ್ನು ಕರೆಸಿದ ಮೇಲೆ ಬೋಥಮ್ ಜತೆ ಸೇರಿ 171ರ ಜೊತೆಯಾಟ. ಬೋಥಮ್ 114, ಮೇಲಿಂದ 13 ವಿಕೆಟ್. ಆ ಟೇಲರೇ ಕೀಪಿಂಗಿನಲ್ಲಿ 10 ಕ್ಯಾಚ್. ಹತ್ತು ವಿಕೆಟ್ಟಿನ ಸೋಲು. ವಿಶ್ವನಾಥರು ಕ್ಯಾಪ್ಟನ್ ಆದದ್ದು ಎರಡೇ ಟೆಸ್ಟಿಗೆ, ಇದೇ ಕೊನೆಯದು.

ಮೇಷ್ಟ್ರಿಂದ ಉತ್ತರ ಬರಲಿಲ್ಲ. ಬಂದದ್ದು ಅಂಕೋಲೆಯ ನಾಯ್ಕ. ಇವನು ಎಲ್ಲಿ ಕೈ ಹಾಕಿದರೂ ಅಲ್ಲಿಂದ 1980 ಹೊರಗೆ ಬರುತ್ತದೆ.

ನಾಯ್ಕ: ಆ ಟೆಸ್ಟಿನಲ್ಲಿ ನಾ ಈಸ್ಟ್ ಸ್ಟ್ಯಾಂಡಿನಲ್ಲಿ ಬಟಾಟೆವಡೆ ಡಬ್ಬಿ ಹೊತ್ತವ. ಒಂದು ದಿನ ಆಟ ಆಗಿ ಮರುದಿನ ರಜೆ ಕೊಟ್ರು, ಸೂರ್ಯಗ್ರಹಣ! ಫೆಬ್ರವರಿ 16. ನಮ್ಮ ಅಂಕೋಲೆಯಲ್ಲಿ ಖಗ್ರಾಸ, ಹಗಲಲ್ಲೇ ಕತ್ತಲೆ. ದೊಡ್ಡ ದೊಡ್ಡ ದುರ್ಬೀನು ಹಿಡ್ಕಂಡು ವಿಜ್ಞಾನಿಗಳೆಲ್ಲ ನಮ್ಮೂರಿಗೆ ಬಂದಿದ್ರಂತೆ, ನಾ ಇಲ್ಲಿ ಮುಂಬೈಲಿ. ಧಣಿ ಹೋಟ್ಲು ಬಾಗ್ಲು ಹಾಕ್ಸಿ, ಉಪ್ಪಿನಕಾಯಿ ಭರಣಿ, ದೋಸೆ ಹಿಟ್ಟು, ಗಲ್ಲಾದ ಡ್ರಾಯರ್, ಎಲ್ಲದಕ್ಕೂ ದರ್ಭೆ ಹಾಕ್ಸಿದ್ರು. ಗಲ್ಲಾಕ್ಕೆ ಎಂತಕ್ಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಈ ಗಲ್ಲಾದ ದರ್ಭೆಗೆ ಹದಿನೇಳು ನಗುವ ಮುಖ ಬಿತ್ತು. ಜಗಳ ತಣ್ಣಗಾಯಿತು ಅಂತ ನಾನು ಫೋನು ಚಾರ್ಜಿಗೆ ಇಟ್ಟೆ. ಊಟ ಮಾಡಿ ಬರುವಾಗ ತೊಂಬತ್ತೊಂದು ಮೆಸೇಜು.

ಆದದ್ದು ಇಷ್ಟು. ಶೆಟ್ರು ದ್ರಾವಿಡ್ ಕೋಚ್ ಆಗಿದ್ದ ಕಾಲದ ಸಂಗತಿ ತೆಗೆದರು. 2024ರ ಟಿ20 ವಿಶ್ವಕಪ್ ಗೆದ್ದಾಗ ಹೆಡ್ ಕೋಚಿಗೆ 5 ಕೋಟಿ, ಬೌಲಿಂಗ್, ಬ್ಯಾಟಿಂಗ್, ಫೀಲ್ಡಿಂಗ್ ಕೋಚುಗಳಿಗೆ ಎರಡೂವರೆ ಅಂತ ಇತ್ತು. ತನಗೂ ಎರಡೂವರೆ ಸಾಕು ಅಂದವರು ದ್ರಾವಿಡ್, ಇಂಥವನನ್ನು ಸ್ವಾರ್ಥಿ ಅನ್ನುತ್ತೀರಲ್ಲ ಅಂತ. ಸಿಎ ಕೂಡಲೇ ಬೆಂಬಲ ಕೊಟ್ಟ: 2018ರಲ್ಲಿ ಅಂಡರ್-19 ಗೆದ್ದಾಗಲೂ ಹಾಗೆಯೇ, ಕೋಚಿಗೆ 50 ಲಕ್ಷ, ಸಿಬ್ಬಂದಿಗೆ 20 ಅಂತಿದ್ದದ್ದು, ಅವರು ಒಪ್ಪದೆ ಎಲ್ಲರಿಗೂ 25 ಆಯಿತು. ಒಳ್ಳೆಯ ಮಾತು, ಪತ್ರಿಕೆಗಳಲ್ಲೆಲ್ಲ ಬಂದದ್ದೇ. ಆದರೆ ಹೋಟೆಲ್ ನಡೆಸುವವರು ಈ ಗುಂಪಿನಲ್ಲಿ ಸಮಪಾಲಿನ ಮಾತು ತೆಗೆಯಬಾರದು.

ಪೂಜಾರಿ: ಶೆಟ್ರೇ, ನಿಮ್ಮ ಗಲ್ಲಾದ ಹತ್ತಿರ ಟಿಪ್ಸ್ ಡಬ್ಬಿ ಉಂಟಲ್ಲ. ಅದರಲ್ಲಿ ಪಾತ್ರೆ ತೊಳೆಯುವವನಿಗೆ ಎಷ್ಟು?

ಶೆಟ್ರು: ಅದು ಸಪ್ಲೈಯರ್‌ಗಳದ್ದು. ಎಲ್ಲ ಹೋಟೆಲಲ್ಲೂ ಹಾಗೇ.

ಪೂಜಾರಿ: ದ್ರಾವಿಡ್ ನಿಮ್ಮ ಹೋಟೆಲ್ ನಡೆಸಿದ್ರೆ?

ಶೆಟ್ರು: ಎರಡು ತಿಂಗಳಲ್ಲಿ ಮುಚ್ಚುತ್ತಿತ್ತು.

ಇದು ಆ ರಾತ್ರಿಯ ಅತ್ಯಂತ ಪ್ರಾಮಾಣಿಕ ಮಾತು ಅಂತ ನನ್ನ ಅಭಿಪ್ರಾಯ. ಯಾರೂ ಮೆಚ್ಚಲಿಲ್ಲ.

ಅಲ್ಲಿಂದ ಮುಂದೆ ಇಬ್ಬರದ್ದೂ ಹಳೆ ಪಕ್ಷ. ಶೆಟ್ರು ಇಲ್ಲಿಗೆ ಬಂದು ನಲವತ್ತೈದು ವರ್ಷವಾದರೂ ರಣಜಿಗೆ ಕರ್ನಾಟಕವೇ. ಪೂಜಾರಿ ಮುಂಬೈ. ಶಿವಾಜಿ ಪಾರ್ಕಿಗೆ ಚಾ ಕೊಂಡುಹೋಗುತ್ತಿದ್ದ ಕಾಲದಲ್ಲಿ ಸಚಿನನ ಗುರು ಆಚ್ರೇಕರ್ ಸರ್ ಸ್ಟಂಪಿನ ಮೇಲೆ ಒಂದು ರೂಪಾಯಿ ಇಟ್ಟದ್ದನ್ನು ಕಣ್ಣಾರೆ ಕಂಡವ ಅಂತ ಅವನ ವಾದ. ಔಟ್ ಮಾಡಿದವನಿಗೆ ಆ ನಾಣ್ಯ, ಔಟಾಗದೆ ಉಳಿದರೆ ಸಚಿನನಿಗೆ. "ಅದು ಕೋಚಿಂಗ್. ಲ್ಯಾಪ್‌ಟಾಪ್ ಹಿಡ್ಕೊಂಡು ಕೂತ್ಕೊಳ್ಳುವುದಲ್ಲ" ಅಂದ. ಶೆಟ್ರು 1974 ತೆಗೆದರು: ಹದಿನೈದು ವರ್ಷ ಸತತವಾಗಿ ರಣಜಿ ಗೆದ್ದ ಬಾಂಬೆಯನ್ನು ಸೆಮಿಫೈನಲಿನಲ್ಲಿ ನಿಲ್ಲಿಸಿದವರು ಪ್ರಸನ್ನ, ಚಂದ್ರಶೇಖರರ ಟೀಮು. ಪೂಜಾರಿ 2010 ತೆಗೆದ: ಮೈಸೂರಿನ ಫೈನಲ್, ನಿಮ್ಮ ಮನೀಶ್ ಪಾಂಡೆ 144 ಹೊಡೆದರೂ ಆರು ರನ್ನಿಗೆ ಸೋತದ್ದು ಯಾರು? ಶೆಟ್ರು 1982: ರಘುರಾಮ ಭಟ್ಟರ ಸ್ಪಿನ್ನಿಗೆ ಹೆದರಿ ಬೆಂಗಳೂರಿನಲ್ಲಿ ಎಡಗೈ ಬ್ಯಾಟಿಂಗ್ ಮಾಡಿದ್ದು ನಿಮ್ಮ ಗವಾಸ್ಕರ್ ಅಲ್ಲವಾ? ಪೂಜಾರಿ: ಎಡಗೈಯಲ್ಲಿ ಆಡಿಯೂ ಔಟ್ ಮಾಡ್ಲಿಕ್ಕೆ ಆಗಲಿಲ್ಲ ನಿಮಗೆ. ಆ ಗವಾಸ್ಕರ್ ತಂಗಿಯನ್ನೇ ವಿಶ್ವನಾಥರು ಮದುವೆಯಾದದ್ದು, ಅವರಿಬ್ಬರೂ ಒಟ್ಟಿಗೆ ಕೂತು ಊಟ ಮಾಡುತ್ತಾರೆ, ನೀವ್ಯಾಕೆ ಮಾರಾಯ್ರೆ ಹೊಡೆದಾಡುವುದು ಅಂತ ನಾನು ಬರೆದೆ. ನನ್ನ ಮೆಸೇಜಿನ ಮೇಲೆ ಎರಡೇ ಸೆಕೆಂಡಿನಲ್ಲಿ ಇನ್ನು ನಾಲ್ಕು ಬಂದು ಕೂತವು.

ನಡುವೆ ಪುಣೆಯಿಂದ ನಮ್ಮ ಗದಗಿನವನದ್ದು ಒಂದು. ಶಿವಾಜಿನಗರದ ಹತ್ತಿರ ಅವನದೊಂದು ಖಾನಾವಳಿ.

ಗದಗ: ಯಾಕ್ರಿ, ಒಬ್ಬರೂ ನಮ್ಮ ಸುನೀಲ ಜೋಶಿ ಹೆಸರ ತಗಿಲಿಲ್ಲಲ್ರಿ? 1999, ನೈರೋಬಿ, ಎದುರಿಗೆ ಸೌತ್ ಆಫ್ರಿಕಾ. ಹತ್ತ ಓವರ್, ಆರ ಮೇಡನ್, ಆರ ರನ್, ಐದ ವಿಕೆಟ್. ಇದಕ್ಕ ಅಂಡರ್‌ರೇಟೆಡ್ ಅಂತಾರ. ಮತ್ತ ಪಂಕಜ ಅಡ್ವಾಣಿ ಹುಟ್ಟಿದ್ದು ನಮ್ಮ ಪುಣೆದಾಗ. ಬಿಲಿಯರ್ಡ್ಸ್, ಸ್ನೂಕರ್‌ದಾಗ ಇಪ್ಪತ್ತಕ್ಕೂ ಹೆಚ್ಚು ಸಲ ವಿಶ್ವ ಚಾಂಪಿಯನ್. ಅಂವಾ ಎದುರಿಗೆ ಬಂದ ನಿಂತ್ರ ನಿಮ್ಮಾಗ ಎಷ್ಟ ಮಂದಿ ಗುರುತು ಹಿಡಿತೀರಿ?

ಒಬ್ಬರೂ ಉತ್ತರ ಕೊಡಲಿಲ್ಲ. ಅರ್ಧ ಗಂಟೆ ಬಿಟ್ಟು ಯಾರೋ ಅವನಿಗೆ ಕೇಳಿದರು: ನಿನ್ನಲ್ಲಿ ಜೋಳದ ರೊಟ್ಟಿ ಪಾರ್ಸೆಲ್ ಉಂಟಾ?

ಹನ್ನೊಂದೂವರೆ ಹೊತ್ತಿಗೆ ಮಾತು ಕ್ರಿಕೆಟನ್ನು ಪೂರ್ತಿ ಬಿಟ್ಟಿತ್ತು. 2016ರಲ್ಲಿ ಮೇಷ್ಟ್ರ ಸನ್ಮಾನಕ್ಕೆ ಯಾರು ಐನೂರು ಕೊಟ್ಟದ್ದು, ಯಾರು ಕೊಡುತ್ತೇನೆ ಅಂದು ಕೊಡದೆ ಫೋಟೋದಲ್ಲಿ ಮುಂದೆ ನಿಂತದ್ದು. ಸಿಎ ಹತ್ತಿರ ಅದರ ಎಕ್ಸೆಲ್ ಶೀಟ್ ಇತ್ತು. ಹಾಕಿಯೇಬಿಟ್ಟ. ಮೂವರು ಗುಂಪು ಬಿಟ್ಟರು.

ಈ ಗಲಾಟೆಯಲ್ಲಿ ಪೂಜಾರಿಯ 46 ಒಮ್ಮೆ 47 ಆಗಿ, ಕೊನೆಗೆ 48ಕ್ಕೆ ಬಂದು ನಿಂತಿತ್ತು. ಸಿಎ ಅದೊಂದಕ್ಕೆ ಸೋರ್ಸ್ ಕೇಳಲಿಲ್ಲ.

ನಡುರಾತ್ರಿ ಹನ್ನೆರಡೂ ಹತ್ತಕ್ಕೆ ಶೆಟ್ರದ್ದೊಂದು ಬಂತು. ಎಲ್ಲರೂ ಮಲಗಿರಬೇಕು, ನಾನು ಬಾತ್‌ರೂಮಿಗೆ ಎದ್ದವ ನೋಡಿದೆ.

"ಹನ್ನೊಂದಕ್ಕೆ ಮೊದಲು ಎಲ್ಲ ಹುಡುಗರನ್ನೂ ಕರ್ಕೊಂಡು ಬಾ, ಮದುವೆ ಆರ್ಡರ್ ಉಂಟು, ಇಲ್ಲಾದ್ರೆ ನಾಳೆಯಿಂದ ಬರ್ಬೇಡಿ ಅಂತ ಧಣಿ ಹೇಳಿದ್ದು. ಅವನ ಕೆಲಸವೂ ಹೋಗ್ತಿತ್ತು. ಆವಾಗ ಹೇಳಿದ್ರೆ ಅವ ಧಣಿಯ ಹತ್ರ ಜಗಳಕ್ಕೆ ಹೋಗ್ತಿದ್ದ."

ನಾನು ಕನ್ನಡಕ ಹುಡುಕಿ ಇನ್ನೊಮ್ಮೆ ಓದುವಷ್ಟರಲ್ಲಿ ಅಲ್ಲಿ "ಈ ಸಂದೇಶವನ್ನು ಅಳಿಸಲಾಗಿದೆ" ಅಂತ ಇತ್ತು.

ಬೆಳಿಗ್ಗೆ ಆರಕ್ಕೆ ಪೂಜಾರಿ ನನಗೆ ಬೇರೆಯಾಗಿ ಮೆಸೇಜ್ ಮಾಡಿದ. "ರಾತ್ರಿ ಅವರು ಎಂತ ಬರ್ದು ಅಳಿಸಿದ್ದು? ನೀನು ನೋಡಿದ್ದಿಯಾ?"

ನೋಡಿಲ್ಲ ಅಂದೆ. ಅಡ್ಮಿನ್ ಆದವನಿಗೆ ಇಷ್ಟಾದರೂ ಗೊತ್ತಿರಬೇಕು. ನಂಬಿದನೋ ಇಲ್ಲವೋ, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬಂತು: "ಗ್ಯಾರಂಟಿ ಬೈದಿರ್ಬೇಕು."

ಏಳು ಗಂಟೆಗೆ ಗುಂಪಿನಲ್ಲಿ ಮೇಷ್ಟ್ರ ಶುಭೋದಯ, ಒಂದು ಕಮಲದ ಹೂವು. ಅದರ ಬೆನ್ನಿಗೇ ಇನ್ನೊಂದು ಚಿತ್ರ. ಹಸಿರು ಹಿನ್ನೆಲೆ, ಎರಡು ಬಾಣ, ದ್ರಾವಿಡ್ ಮುಖದ ಮೇಲೆ ಕೆಂಪು ಗೀಟು. ಕೆಳಗೆ ಮೇಷ್ಟ್ರು ಬರೆಸಿದ್ದರು: "ಬಹಳ ಉಪಯುಕ್ತ ಮಾಹಿತಿ. ಎಲ್ಲರೂ ತಪ್ಪದೆ ಓದಿ."

ಮೊದಲ ಹೆಬ್ಬೆರಳು ಒತ್ತಿದವರು ಶೆಟ್ರು.