ಪದಚರ್ಚೆ: ‘ಶುಗರ್ ಕಡಿಮೆ ಆಗಿದೆ’ ಅಂದರೆ ಒಳ್ಳೆಯ ಸುದ್ದಿಯೋ, ಎಚ್ಚರಿಕೆಯೋ?

ಬಲ್ಲವರಿಗೆ ನಮಸ್ಕಾರ.

ಮನೆಯಲ್ಲೇ ಗ್ಲುಕೋಮೀಟರ್ ಇಟ್ಟುಕೊಂಡು ರಕ್ತದ ಸಕ್ಕರೆ ನೋಡಿಕೊಳ್ಳುವವರಿಗಾಗಿ ಸಣ್ಣದೊಂದು ಕೈಪಿಡಿ ಬರೆಯುತ್ತಿದ್ದೇನೆ. ಮೀಟರ್, ಸ್ಟ್ರಿಪ್, ಸೂಜಿ ಇವುಗಳ ಬಗ್ಗೆ ಬರೆಯುವಾಗ ಪದಕ್ಕಾಗಿ ತಡಕಾಡಬೇಕಾಗಲಿಲ್ಲ. ಕೈ ತೊಳೆದು ಒರೆಸಿಕೊಳ್ಳಿ, ಬೆರಳ ತುದಿಯ ನಡುಭಾಗ ಬಿಟ್ಟು ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ ಎಂದು ಬರೆದದ್ದಾಯಿತು. ತೊಡಕು ಬಂದದ್ದು ಆ ಕೊನೆಯ ಮಾತಿನಲ್ಲಿ, ‘ಕಡಿಮೆ’ಯಲ್ಲಿ.

ಕಾಯಿಲೆಯ ಮಾತಿಗೆ ಬಂದರೆ ‘ಕಡಿಮೆ ಆಯಿತು’ ಅನ್ನುವುದು ನಮಗೆ ಗುಣವಾಗುತ್ತಿದೆ ಎಂದೇ ಕೇಳಿಸುತ್ತದೆ. ಜ್ವರ ಕಡಿಮೆ ಆಯಿತು, ಕೆಮ್ಮು ಕಡಿಮೆ ಆಯಿತು. ಕಾಯಿಲೆಯ ಹೆಸರನ್ನೂ ಬಿಟ್ಟು ಬರೀ ‘ಕಡಿಮೆ ಆಯ್ತಾ?’ ಎಂದು ವಿಚಾರಿಸುತ್ತೇವೆ. ಇನ್ನೊಂದು ಕಡೆ ‘ಶುಗರ್’ ಎಂಬುದು ಒಂದೇ ಪದವಾದರೂ ರೋಗವೂ ಹೌದು (‘ಅವರಿಗೆ ಶುಗರ್ ಇದೆ’), ಮೀಟರಿನಲ್ಲಿ ಕಾಣುವ ಅಂಕಿಯೂ ಹೌದು (‘ಇವತ್ತು ಶುಗರ್ ಎಷ್ಟು?’). ಇವೆರಡೂ ಒಂದೇ ವಾಕ್ಯದಲ್ಲಿ ಸೇರಿದರೆ ಪೇಚು ಶುರು. ‘ಅಪ್ಪನಿಗೆ ಶುಗರ್ ಕಡಿಮೆ ಆಗಿದೆ’ ಎಂದು ಮಗಳು ಫೋನಿನಲ್ಲಿ ಹೇಳಿದಳೆನ್ನಿ. ಖಾಲಿ ಹೊಟ್ಟೆಯಲ್ಲಿ 190 ಇರುತ್ತಿದ್ದದ್ದು 120ಕ್ಕೆ ಬಂದಿದ್ದರೆ ಅದು ನೆಮ್ಮದಿಯ ಮಾತು. 62 ಆಗಿದ್ದರೆ ಆ ಕಡೆಯವರು ‘ಸದ್ಯ, ಒಳ್ಳೆಯದೇ ಆಯ್ತು’ ಎಂದು ಫೋನ್ ಇಟ್ಟುಬಿಡುವಂತಿಲ್ಲ.

ವೈದ್ಯರು ಗೆರೆ ಎಳೆಯುವುದು 70ಕ್ಕೆ. ಒಂದು ಡೆಸಿಲೀಟರ್ ರಕ್ತಕ್ಕೆ 70 ಮಿಲಿಗ್ರಾಂ ಎಂದು ಲೆಕ್ಕ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಂಕಿ ಅದಕ್ಕಿಂತ ಕೆಳಗಿಳಿದರೆ, ಬೇಗ ರಕ್ತ ಸೇರುವ ಸಕ್ಕರೆಯನ್ನು ಸುಮಾರು 15 ಗ್ರಾಂ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. 54ಕ್ಕಿಂತ ಕೆಳಗೆ ಹೋದರೆ ಮಿದುಳಿಗೇ ಸಕ್ಕರೆ ಸಾಲದೆ ಮಾತು ತೊದಲುವುದು, ಮಂಕು ಕವಿಯುವುದು ಉಂಟು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಇಷ್ಟು ಅವಸರದ ವಿಷಯಕ್ಕೆ ಎರಡು ಅರ್ಥದ ಕ್ರಿಯಾಪದ ಸಲ್ಲದು.

ಬದಲಿಗೆ ಏನು? ‘ಇಳಿದಿದೆ’ ಅಂದರೂ ಅದೇ ಕಥೆ. ಜ್ವರ ಇಳಿದರೂ ಒಳ್ಳೆಯದೇ ತಾನೆ. ‘ಸಕ್ಕರೆ ಕುಸಿತ’ ಎಂದು ಬರೆಯುವವರಿದ್ದಾರೆ. ಅಪಾಯದ ದನಿ ಅದರಲ್ಲಿ ಇದೆ, ನಿಜ. ಆದರೆ ಕುಸಿಯುವುದು ಅಂದಕೂಡಲೇ ಗೋಡೆ ಕುಸಿದದ್ದು, ಮನುಷ್ಯ ಕುಸಿದು ಬಿದ್ದದ್ದು ಕಣ್ಣಿಗೆ ಬರುತ್ತದೆ. ಮೀಟರಿನಲ್ಲಿ 66 ನೋಡಿ, ಕೈ ಸ್ವಲ್ಪ ನಡುಗುತ್ತಾ ಬೆವರುತ್ತಾ ಕುಳಿತಿರುವವರು ‘ನಾನೇನೂ ಕುಸಿದಿಲ್ಲವಲ್ಲ’ ಅಂದುಕೊಂಡಾರು. ಸಂಸ್ಕೃತದಿಂದ ಕಟ್ಟಿದ ‘ಅಲ್ಪಶರ್ಕರತೆ’ಯಂಥವು ಪಠ್ಯಪುಸ್ತಕದಲ್ಲೇ ಇರಲಿ. ನನ್ನ ಒಲವು ಇರುವುದು ಜನರೇ ಮಾಡಿಕೊಂಡಿರುವ ‘ಲೋ ಶುಗರ್’, ‘ಲೋ ಆಯ್ತು’ ಕಡೆಗೆ. ಬಿಪಿ ಲೋ ಆಯ್ತು ಎಂದು ಯಾರೂ ಸಂತೋಷಪಟ್ಟು ಹೇಳುವುದಿಲ್ಲ. ಅದೊಂದು ಎರವಲು ಪದ, ಅದರ ಅರ್ಥ ಮಾತ್ರ ಇಲ್ಲಿ ಕನ್ನಡದ್ದಕ್ಕಿಂತ ಖಚಿತ. ಒಳ್ಳೆಯ ಸುದ್ದಿಗೆ ‘ಹತೋಟಿಗೆ ಬಂದಿದೆ’ ಇದ್ದೇ ಇದೆ.

ಎರಡನೆಯ ಸಂದೇಹ ವ್ಯಾಕರಣದ್ದು. ‘ಊಟವಾದ 2 ಗಂಟೆಗೆ ನೋಡಿ’ ಎಂದು ಎಲ್ಲರೂ ಬರೆಯುತ್ತಾರೆ. ‘ಆದ’ ಅನ್ನುವುದು ಕೆಲಸ ಮುಗಿದದ್ದನ್ನು ಹೇಳುವ ರೂಪ. ಕೈ ತೊಳೆದಮೇಲೆ ಗಡಿಯಾರ ನೋಡು ಎಂದು ಅದರ ಅರ್ಥ. ನಿಜಕ್ಕೂ ಲೆಕ್ಕ ಶುರುವಾಗುವುದು ಮೊದಲ ತುತ್ತಿನಿಂದ. ನಿಧಾನವಾಗಿ ಮುಕ್ಕಾಲು ಗಂಟೆ ಊಟ ಮಾಡುವವರು ವಾಕ್ಯವನ್ನು ಸರಿಯಾಗಿ ಓದಿಯೇ ಮುಕ್ಕಾಲು ಗಂಟೆ ತಡವಾಗಿ ಚುಚ್ಚಿಕೊಳ್ಳುತ್ತಾರೆ. ಅಷ್ಟರಲ್ಲಿ ಅಂಕಿ ಇಳಿದೂ ಇರಬಹುದು. ‘ಊಟಕ್ಕೆ ಕೂತ 2 ಗಂಟೆಗೆ’ ಎಂದು ಬರೆದುಕೊಂಡಿದ್ದೇನೆ. ಕಿವಿಗೆ ಒರಟಾಗಿದೆಯೇ?

‘ಖಾಲಿ ಹೊಟ್ಟೆ’ಯನ್ನು ಹಾಗೇ ಉಳಿಸಿದ್ದೇನೆ, ಜೊತೆಗೆ ‘8 ಗಂಟೆ ನೀರಲ್ಲದೆ ಬೇರೇನೂ ಇಲ್ಲದೆ’ ಎಂಬ ವಿವರಣೆ. ಕಾಫಿ ಕುಡಿದೂ ‘ಇನ್ನೂ ಖಾಲಿ ಹೊಟ್ಟೆ’ ಅನ್ನುವುದು ನಮ್ಮ ರೂಢಿಯಾದ್ದರಿಂದ ವಿವರಣೆ ಬೇಕೇ ಬೇಕು.

ಇನ್ನು ‘ಏರಿದೆ’. ಒಂದೇ ಬೆರಳಿಗೆ ಐದು ನಿಮಿಷದ ಅಂತರದಲ್ಲಿ ನೋಡಿದಾಗ 118, ಆಮೇಲೆ 127 ಬಂದರೆ ‘ಶುಗರ್ ಏರಿದೆ’ ಅನ್ನುತ್ತೇವೆ. ಏರಿದ್ದು ಸಕ್ಕರೆಯೋ, ಅಲುಗಿದ್ದು ಅಂಕಿಯೋ? ಮನೆ ಮೀಟರುಗಳಿಗೆ ಇರುವ ಅಂತರರಾಷ್ಟ್ರೀಯ ಐಎಸ್‌ಒ 15197 ಮಾನದಂಡದ 2013ರ ಆವೃತ್ತಿ ಕೇಳುವುದು ಇಷ್ಟು: 100 ಮತ್ತು ಅದಕ್ಕಿಂತ ಮೇಲಿನ ಅಂಕಿಗಳಲ್ಲಿ ನೂರಕ್ಕೆ 95 ಸಲವಾದರೂ ಪ್ರಯೋಗಾಲಯದ ಫಲಿತಾಂಶದಿಂದ ಶೇಕಡಾ 15ರ ಒಳಗೆ ಇರಬೇಕು. ಅಂದರೆ ನಿಜವಾದ 200 ಇದ್ದಾಗ 170 ತೋರಿಸಿದರೂ 230 ತೋರಿಸಿದರೂ ಮೀಟರ್ ತನ್ನ ಮಿತಿಯಲ್ಲೇ ಇದೆ. ಈ ಅಲುಗಾಟಕ್ಕೆ ‘ಹೆಚ್ಚುಕಮ್ಮಿ’ ಎಂಬ ಪದ ಎಷ್ಟು ಚೆನ್ನಾಗಿ ಹೊಂದುತ್ತಿತ್ತು! ‘ಹೆಚ್ಚುಕಮ್ಮಿ 120’ ಅಂದರೆ ಸಾಕು. ಆದರೆ ‘ಶುಗರ್ ಹೆಚ್ಚುಕಮ್ಮಿ ಆಗಿದೆ’ ಅಂದೊಡನೆ ಏನೋ ಅನಾಹುತವಾಗಿದೆ ಎಂದು ಜನ ಗಾಬರಿಯಾಗುತ್ತಾರೆ. ‘ಸುಮಾರು’ ಕೊಂಚ ಸಪ್ಪೆ, ಆದರೆ ಭಯವಿಲ್ಲ.

‘ಮೂರು ತಿಂಗಳ ಶುಗರ್’ ಬಗ್ಗೆ ಒಂದು ಸಾಲು. ಎಚ್‌ಬಿಎ1ಸಿ ಪರೀಕ್ಷೆಗೆ ಜನ ಇಟ್ಟ ಈ ಹೆಸರು ನನಗೆ ಬಹಳ ಇಷ್ಟ, ತೆಗೆಯುವುದಿಲ್ಲ. ಅದರಲ್ಲಿ ಬರುವ 7 ಎಂಬುದು ಶೇಕಡಾವಾರು (ಹಿಮೋಗ್ಲೋಬಿನ್ನಿನಲ್ಲಿ ಸಕ್ಕರೆ ಅಂಟಿಕೊಂಡಿರುವ ಪಾಲು), ಮೀಟರಿನ ಮಿಲಿಗ್ರಾಂ ಲೆಕ್ಕದಲ್ಲಿ ಸರಾಸರಿ ಸುಮಾರು 154ಕ್ಕೆ ಸಮ. ಕೆಲವು ದೇಶಗಳ ಮೀಟರುಗಳು ಮಿಲಿಗ್ರಾಂ ಬದಲು, ಲೀಟರಿಗೆ ಇಷ್ಟು ಎಂದು ಮಿಲಿಮೋಲ್‌ನಲ್ಲಿ ತೋರಿಸುವ 7 ಬೇರೆ. ಅದನ್ನು 18ರಿಂದ ಗುಣಿಸಿದರೆ 126. ಇಲ್ಲಿ ಅಂಕಿಯ ಪಕ್ಕ ಅಳತೆಯ ಹೆಸರು ಬರೆಯದೆ ಬೇರೆ ದಾರಿ ಕಾಣುತ್ತಿಲ್ಲ.

ಹಾಗಾಗಿ ಕೇಳುವುದು ಇಷ್ಟೇ: ನಿಮ್ಮ ಕಡೆ, 70ಕ್ಕಿಂತ ಕೆಳಗಾದಾಗ ಮನೆಯವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು ಯಾವುದು? ‘ಲೋ ಆಯ್ತು’ ಬಿಟ್ಟು, ಕೇಳಿದವರು ತಕ್ಷಣ ಎದ್ದು ಸಕ್ಕರೆ ಡಬ್ಬಿ ಹುಡುಕುವಂಥ ಕನ್ನಡದ ಕ್ರಿಯಾಪದವನ್ನು ಯಾರಾದರೂ ಕೇಳಿದ್ದೀರಾ? ಹಿರಿಯರ ಬಾಯಲ್ಲಿ ಕೇಳಿದ್ದಾದರೆ ಇಡೀ ವಾಕ್ಯವನ್ನೇ, ಆಡುನುಡಿಯಲ್ಲೇ ಬರೆದು ಕಳಿಸಿ.