ಬಂಡೆ ಹತ್ತುವ ಆರ್‌ಸಿ ಕ್ರಾಲರ್‌ಗೆ ಬಾಳಿಕೆ ಬರುವ ಮೋಟಾರ್ ಯಾವುದು?

ಮಾಗಡಿ ಹುಡುಗ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1:10 ಅಳತೆಯ ಕ್ರಾಲರ್, ಅಂದರೆ ಬಂಡೆ ಹತ್ತುವ ರಿಮೋಟ್ ಗಾಡಿ ಇದೆ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮೋಟಾರ್ 540 ಸೈಜಿನ ಬ್ರಷ್ಡ್ (ಇಂಗಾಲದ ಬ್ರಷ್ ಇರುವುದು), 35 ಟರ್ನ್ (ತಂತಿಯ ಸುತ್ತು), ಆ ಬೆಳ್ಳಿ ಬಣ್ಣದ ಸಾದಾ ಡಬ್ಬಿ. ಇಎಸ್‌ಸಿ, ಅಂದರೆ ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್, ಹಾಬಿವಿಂಗ್ 1080. ಬ್ಯಾಟರಿ 3ಎಸ್ (ಮೂರು ಸೆಲ್ಲಿನ) ಲಿಪೋ. ಪಿನಿಯನ್ (ಮೋಟಾರ್ ಶಾಫ್ಟಿನ ಚಿಕ್ಕ ಗೇರು) 15 ಹಲ್ಲಿನದು, ಹಿಂದಿನ ಮಾಲೀಕರು ಸ್ಪೀಡ್ ಬೇಕು ಅಂತ ಹಾಕಿಸಿದ್ದಂತೆ.

ಓಡಿಸುವುದು ಮಾಗಡಿ, ರಾಮನಗರದ ಕಡೆಯ ಬಂಡೆಗಳ ಮೇಲೆ. ಮೊದಲು ಸಲೀಸಾಗಿ ಹತ್ತುತ್ತಿದ್ದ ಕಲ್ಲನ್ನೇ ಈಗ ಅರ್ಧ ಹತ್ತಿ ನಿಂತುಬಿಡುತ್ತದೆ. ಗುಂಯ್ ಅನ್ನುತ್ತದೆ, ಸುಟ್ಟ ವಾಸನೆ ಬರುತ್ತದೆ, ಡಬ್ಬಿ ಮುಟ್ಟೋಕೆ ಆಗಲ್ಲ. ಮೋಟಾರ್ ಕಥೆ ಮುಗಿಯಿತು ಅನ್ನಿಸುತ್ತಿದೆ.

ನನಗೆ ಸ್ಪೀಡ್ ಬೇಡವೇ ಬೇಡ. ಒಂದೊಂದು ಬೆರಳಿನಷ್ಟು ನಿಧಾನಕ್ಕೆ ಹತ್ತಿದರೆ ಸಾಕು. ಪದೇ ಪದೇ ಮೋಟಾರ್ ಬದಲಿಸುವಷ್ಟು ದುಡ್ಡೂ ಇಲ್ಲ. ಯಾವುದು ಹಾಕಿದರೆ ತುಂಬಾ ದಿನ ಬರುತ್ತದೆ? ಬ್ರಷ್‌ಲೆಸ್‌ಗೆ ಹೋಗಲೇಬೇಕಾ?

ಗೇರ್ ರಾಜ

ಬ್ರಷ್‌ಲೆಸ್ ಹಾಕಿ ಗುರು, ತಲೆನೋವು ಇರಲ್ಲ. ಆದರೆ ಒಳಗಿನ ರೋಟರ್ ಎಲ್ಲಿದೆ ಅಂತ ಇಎಸ್‌ಸಿಗೆ ತಿಳಿಸುವ ಸೆನ್ಸರ್ ಇರುವುದನ್ನೇ ತಗೊಳ್ಳಿ. ಸೆನ್ಸರ್ ಇಲ್ಲದ್ದು ನಿಂತಲ್ಲಿಂದ ಹೊರಡುವಾಗ ತಡವರಿಸುತ್ತದೆ, ಕಲ್ಲಿನ ಮೇಲೆ ಅದು ಬಹಳ ಕಿರಿಕಿರಿ. ಇನ್ನೊಂದು ವಿಷಯ, 1080 ಬ್ರಷ್ಡ್ ಮೋಟಾರಿಗೆ ಮಾತ್ರ. ಇಎಸ್‌ಸಿ ಕೂಡ ಬದಲಿಸಬೇಕಾಗುತ್ತದೆ.

ದಾವಣಗೆರೆ ವೈಂಡಿಂಗ್

ತಮ್ಮಾ, ಸ್ವಲ್ಪ ತಡೆ. ದುಡ್ಡು ಖರ್ಚು ಮಾಡುವ ಮೊದಲು ಇದನ್ನು ಓದು.

ನಾನು ದಾವಣಗೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಹಗಲೆಲ್ಲ ಬೋರ್‌ವೆಲ್ ಪಂಪು, ಮಿಕ್ಸಿ, ಡ್ರಿಲ್ಲಿಂಗ್ ಮಷಿನ್. ಸಂಜೆ ಮಗನ ಜೊತೆ ಕ್ರಾಲರ್. ನಮ್ಮ ಅಂಗಡಿಗೆ ಬರುವ ಮೋಟಾರೆಲ್ಲ ಸುಟ್ಟೇ ಬಂದಿರುತ್ತವೆ. ಹಾಗಾಗಿ ನಾನು ಮೊದಲು ನೋಡುವುದು ಹೊಸದು ಯಾವುದು ಅಂತ ಅಲ್ಲ, ಹಳೆಯದು ಯಾಕೆ ಸುಟ್ಟಿತು ಅಂತ. ಅದು ಗೊತ್ತಾಗದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ತಿರುಗುತ್ತಿರುವ ಮೋಟಾರ್ ತನ್ನೊಳಗೇ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ಬ್ಯಾಟರಿಯ ಕರೆಂಟು ಹತೋಟಿಯಲ್ಲಿ ಇರುವುದು ಅದರಿಂದ. ಚಕ್ರ ಕಲ್ಲಿನ ಸಂದಿಗೆ ಸಿಕ್ಕಿ ಆರ್ಮೇಚರ್ (ಮೋಟಾರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ) ನಿಂತಿತು ಅನ್ನು, ಆ ಎದುರು ವೋಲ್ಟೇಜ್ ಸೊನ್ನೆ. ಆಮೇಲೆ ಕರೆಂಟಿಗೆ ಅಡ್ಡ ಇರುವುದು ತಾಮ್ರದ ತಂತಿಯ ರೆಸಿಸ್ಟೆನ್ಸ್ ಮಾತ್ರ. ಲೆಕ್ಕಕ್ಕೆ ಅದನ್ನು 0.3 ಓಮ್ ಅಂತ ಇಟ್ಟುಕೋ. 3ಎಸ್ ಅಂದರೆ 11.1 ವೋಲ್ಟು. ಫುಲ್ ಥ್ರಾಟಲ್ ಒತ್ತಿದರೆ 37 ಆಂಪಿಯರ್, 400 ವ್ಯಾಟ್‌ಗೂ ಜಾಸ್ತಿ. ಅಷ್ಟೂ ಬರೀ ಶಾಖ. ಅಂಗೈಯಲ್ಲಿ ಹಿಡಿಸುವ ಡಬ್ಬಿಯೊಳಗೆ! ಗಾಡಿ ಓಡುತ್ತಿಲ್ಲ, ಹಾಗಾಗಿ ಗಾಳಿಯೂ ಇಲ್ಲ. ರೇಸ್ ಕಾರಿನ ಮೋಟಾರಿಗೆ ಈ ಕಷ್ಟ ಬರುವುದೇ ಅಪರೂಪ.

ನಿನ್ನ ಊರಿನ ಕಲ್ಲೂ ಇದರಲ್ಲಿ ಪಾಲುದಾರ. ಭೂವಿಜ್ಞಾನದವರು ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರಲ್ಲ, ರಾಮನಗರದ ಹಳೆಯ ಹೆಸರಿನಿಂದ ಬಂದದ್ದು, ಅದು ದಪ್ಪ ಹರಳಿನ ಕಲ್ಲು. ಮೈ ಒರಟು. ಮೆತ್ತನೆ ರಬ್ಬರಿನ ಟೈರು ಅದರ ಮೇಲೆ ಕೂತರೆ ಜಾರುವುದಿಲ್ಲ. ಜಾರುವ ಕಲ್ಲಾದರೆ ಚಕ್ರ ಸುತ್ತಿ ಮೋಟಾರ್ ಬಚಾವಾಗುತ್ತದೆ. ಇಲ್ಲಿ ಚಕ್ರ ಬಿಡುವುದಿಲ್ಲ, ಮೋಟಾರೇ ನಿಲ್ಲಬೇಕು.

ಈಗ ಪಿನಿಯನ್. 15 ಹಲ್ಲು ಅಂದರೆ ಘಾಟಿಯಲ್ಲಿ ಲಾರಿಯನ್ನು ಟಾಪ್ ಗೇರಲ್ಲಿ ಹತ್ತಿಸಿದ ಹಾಗೆ. ಅದನ್ನು ತೆಗೆದು 11 ಹಾಕು. ಚಕ್ರಕ್ಕೆ ಅಷ್ಟೇ ಬಲ ಕೊಡಲು ಮೋಟಾರ್ ಎಳೆಯುವ ಕರೆಂಟು ಕಾಲು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ, ಅಂದರೆ ಹತ್ತಿರ ಹತ್ತಿರ ಅರ್ಧ. ಒಂದು ಚಿಕ್ಕ ಗೇರು ಮಾಡುವ ಈ ಕೆಲಸವನ್ನು ದುಬಾರಿ ಮೋಟಾರ್ ಕೂಡ ಮಾಡುವುದಿಲ್ಲ. ಸ್ಪೀಡ್ ಕಡಿಮೆಯಾಗುತ್ತದೆ, ನಿನಗೆ ಅದು ಬೇಡ ಅಂದೆಯಲ್ಲ.

ಮೋಟಾರ್ ವಿಷಯಕ್ಕೆ ಬರೋಣ. ನಿನ್ನ ಬೆಳ್ಳಿ ಡಬ್ಬಿಯ ಆರ್ಮೇಚರಿಗೆ ಮೂರೇ ಸ್ಲಾಟ್, ಅಂದರೆ ತಂತಿ ಕೂರುವ ಸಂದು. ನಿಧಾನಕ್ಕೆ ತಿರುಗಿಸಿದರೆ ಗಡಕ್ ಗಡಕ್ ಅಂತ ಜಿಗಿಯುತ್ತದೆ, ಕೈಯಲ್ಲಿ ಶಾಫ್ಟ್ ತಿರುಗಿಸಿದರೂ ಗೊತ್ತಾಗುತ್ತದೆ. ಐದು ಸ್ಲಾಟಿನದ್ದು ತಗೋ. ಬಲ ಒಂದೇ ಸಮ ಬರುತ್ತದೆ, ಕಲ್ಲಿನ ಮೇಲೆ ನಿಧಾನಕ್ಕೆ ಏರುವಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. 3ಎಸ್‌ಗೆ 45 ಟರ್ನ್ ಒಳ್ಳೆಯದು. ಟರ್ನ್ ಜಾಸ್ತಿಯಾದರೆ ತಂತಿ ಸಣ್ಣದು, ಸುತ್ತು ಜಾಸ್ತಿ, ವೇಗ ಕಡಿಮೆ, ಕರೆಂಟೂ ಕಡಿಮೆ. 55 ಕೂಡ ಸಿಗುತ್ತದೆ, ಅದು ತೀರಾ ನಿಧಾನ. ಕಲ್ಲಿನಿಂದ ಕಲ್ಲಿಗೆ ನಡೆಸಿಕೊಂಡು ಹೋಗುವಾಗ ಬೇಜಾರಾಗುತ್ತದೆ.

ಇನ್ನು ಬಾಳಿಕೆ. ಹಿಂದಿನ ಮುಚ್ಚಳಕ್ಕೆ ಸ್ಕ್ರೂ ಇರಬೇಕು, ಬ್ರಷ್ ಹೊರಗಿನಿಂದ ತೆಗೆಯುವ ಹಾಗಿರಬೇಕು, ಶಾಫ್ಟಿಗೆ ಬಾಲ್ ಬೇರಿಂಗ್ ಇರಬೇಕು. ಬ್ರಷ್ ಸವೆಯುವ ವಸ್ತು. ಅದು ಸವೆದಿದ್ದಕ್ಕೆ ಇಡೀ ಮೋಟಾರ್ ಎಸೆಯುವುದು ನ್ಯಾಯವಲ್ಲ. ತಗಡು ಮಡಚಿ ಮುಚ್ಚಿದ ಡಬ್ಬಿಗೆ ಬೇರೆ ಗತಿ ಇಲ್ಲ. ಅಮೆರಿಕದ ಹೋಮ್ಸ್ ಹಾಬೀಸ್‌ನವರು ಕ್ರಾಲರಿಗೆ ಅಂತಲೇ ಇಂಥ ಮೋಟಾರ್ ಮಾಡುತ್ತಾರೆ. ಹೆಸರಿಗಿಂತ ಈ ಗುಣಗಳನ್ನು ನೋಡಿ ತಗೋ.

ಹಳೆಯದು ಹೇಗೂ ಹೋಯಿತಲ್ಲ, ಮಡಚಿದ ತಗಡು ಎಬ್ಬಿಸಿ ಒಳಗೆ ನೋಡಿ ಹೇಳು. ಸರಿಯಾಗಿ ಓಡಿದ ಕಮ್ಯುಟೇಟರ್ (ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳ ದುಂಡು ಭಾಗ) ತಿಳಿ ಕಂದು ಬಣ್ಣಕ್ಕೆ ತಿರುಗಿ ನುಣುಪಾಗಿರುತ್ತದೆ. ಅದನ್ನು ನೋಡಿದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ.

ಶಿರಸಿ ಮಳೆ

ವೈಂಡಿಂಗ್ ಅಣ್ಣ ಹೇಳಿದ್ದು ಒಣ ಬಂಡೆಗೆ ಸರಿ. ನಮ್ಮ ಕಡೆ ಹಳ್ಳದ ಕಲ್ಲು, ಕೆಸರು, ಜೂನ್ ಬಂದರೆ ನೀರೇ ನೀರು. ಬ್ರಷ್ಡ್ ಮೋಟಾರ್ ನೀರಲ್ಲೂ ಓಡುತ್ತದೆ, ಸುಳ್ಳಲ್ಲ. ಆದರೆ ಕೆಸರುನೀರು ಹೊಕ್ಕರೆ ಬ್ರಷ್ ಬೇಗ ಸವೆಯುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಅದಕ್ಕೇ ನಾನು ಹಾಬಿವಿಂಗ್‌ನ ಫ್ಯೂಷನ್ ಹಾಕಿಕೊಂಡೆ, 1200 ಕೆವಿಯದ್ದು (ಲೋಡ್ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಅಷ್ಟು ಸುತ್ತು). ಮೋಟಾರೂ ಇಎಸ್‌ಸಿಯೂ ಒಂದೇ ಡಬ್ಬಿಯಲ್ಲಿ. ಬ್ರಷ್ ಇಲ್ಲ. ನಿಧಾನದಲ್ಲಿ ಅದರ ಹಿಡಿತ ನೋಡಬೇಕು ನೀವು, ಚಕ್ರ ತಿರುಗುತ್ತಿದೆಯೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಹತ್ತುತ್ತದೆ. ತಂತಿ ಕಡಿಮೆ, ಗಾಡಿಯೊಳಗೆ ಜಾಗವೂ ಉಳಿಯುತ್ತದೆ.

ಒಂದೇ ತೊಂದರೆ. ಎರಡರಲ್ಲಿ ಒಂದು ಕೆಟ್ಟರೂ ಎರಡನ್ನೂ ಬದಲಿಸಬೇಕು.

ದಾವಣಗೆರೆ ವೈಂಡಿಂಗ್

ಶಿರಸಿಯವರ ಮಾತು ಒಪ್ಪುತ್ತೇನೆ. ನೀರಿನ ಜಾಗಕ್ಕೆ ಅದೇ ಸರಿ. ಆದರೂ ಬ್ರಷ್‌ಲೆಸ್ ಅಂದರೆ ಸುಡುವುದೇ ಇಲ್ಲ ಅಂದುಕೊಳ್ಳಬೇಡಿ. ಅದರ ರೋಟರಿನಲ್ಲಿ ನಿಯೋಡಿಮಿಯಂ ಮ್ಯಾಗ್ನೆಟ್ ಇರುತ್ತದೆ. ಸಾದಾ ದರ್ಜೆಯ ನಿಯೋಡಿಮಿಯಂ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳಲು ಶುರುಮಾಡುತ್ತದೆ, ತಣ್ಣಗಾದ ಮೇಲೂ ಹೋದದ್ದು ವಾಪಸ್ ಬರುವುದಿಲ್ಲ. ಮೇಲಿನ ದರ್ಜೆಯದ್ದು ಇನ್ನೂ ಜಾಸ್ತಿ ತಡೆಯುತ್ತದೆ. ಡಬ್ಬಿ ಹೊರಗೆ 70 ತೋರಿಸಿದರೆ ಒಳಗೆ ಇನ್ನೂ ಬಿಸಿ ಇರುತ್ತದೆ ಅನ್ನುವುದು ನೆನಪಿರಲಿ.

ಬಿಸಿ ಅಳೆಯಲು ಕೋವಿಡ್ ಕಾಲದ ಹಣೆ ಥರ್ಮಾಮೀಟರ್ ಸಾಲದು, ಅದು ಮೈಬಿಸಿ ನೋಡಲು ಮಾಡಿದ್ದು. ಕಾರ್ಖಾನೆಯವರು ಬಳಸುವ ಇನ್‌ಫ್ರಾರೆಡ್ ಗನ್ ಬೇಕು. ಅದಿಲ್ಲದಿದ್ದರೆ ಬೆರಳು ಇಡಿ. ಎರಡು ಮೂರು ಸೆಕೆಂಡೂ ಇಡಲು ಆಗದಿದ್ದರೆ ಗಾಡಿ ನಿಲ್ಲಿಸಿ ನೆರಳಲ್ಲಿಡಿ.

ಮಾಗಡಿ ಹುಡುಗ

ಅಣ್ಣ, ತೆಗೆದು ನೋಡಿದೆ. ಕಮ್ಯುಟೇಟರಿನ ಮೂರು ಪಟ್ಟಿಯಲ್ಲಿ ಎರಡು ಪೂರ್ತಿ ಕಪ್ಪು. ಅಂಚಿನಲ್ಲಿ ಕಚ್ಚಿ ತೆಗೆದ ಹಾಗೆ ಗುಳಿ ಬಿದ್ದಿದೆ. ಬ್ರಷ್ ಒಂದು ಕಡೆ ಚೂರೇ ಉಳಿದಿದೆ, ಇನ್ನೊಂದು ಕಡೆ ಪರವಾಗಿಲ್ಲ. ಬ್ರಷ್ ಹಿಡಿದಿರುವ ತಾಮ್ರದ ಪಟ್ಟಿ ನೀಲಿ ಬಣ್ಣಕ್ಕೆ ತಿರುಗಿದೆ, ಒತ್ತಿದರೆ ಮೆತ್ತಗೆ ಬಗ್ಗಿ ಹಾಗೇ ಇರುತ್ತದೆ. ತಂತಿಯ ವಾರ್ನಿಶ್ ಕೂಡ ಕಪ್ಪಾಗಿದೆ.

11 ಹಲ್ಲಿನ ಪಿನಿಯನ್ ಮತ್ತು 45 ಟರ್ನ್ ಐದು ಸ್ಲಾಟ್ ಹಾಕಬೇಕು ಅಂತ ತೀರ್ಮಾನ ಮಾಡಿದೆ. ಹೊಸದನ್ನು ಹಾಕುವಾಗ ಏನು ನೋಡಿಕೊಳ್ಳಬೇಕು?

ದಾವಣಗೆರೆ ವೈಂಡಿಂಗ್

ನೀನು ಹೇಳಿದ ಗುರುತೆಲ್ಲ ನಿಂತಲ್ಲೇ ಕರೆಂಟು ಎಳೆದದ್ದರದ್ದು. ಮೋಟಾರ್ ನಿಂತಾಗ ಬ್ರಷ್ ತಾನು ಮುಟ್ಟಿಕೊಂಡಿರುವ ಪಟ್ಟಿಗಳಿಗೇ ಪೂರ್ತಿ ಕರೆಂಟು ಕೊಡುತ್ತದೆ, ಅವೇ ಸುಡುತ್ತವೆ. ಬಿಸಿಗೆ ಸ್ಪ್ರಿಂಗ್ ಪಟ್ಟಿಯ ಬಿಗಿ ಹೋಯಿತು. ಬಿಗಿ ಹೋದ ಮೇಲೆ ಬ್ರಷ್ ಕುಣಿಯಿತು, ಕಿಡಿ ಹಾರಿತು, ಗುಳಿ ಬಿತ್ತು.

ಹೊಸ ಮೋಟಾರನ್ನು ನೇರ ಬಂಡೆಗೆ ತಗೊಂಡು ಹೋಗಬೇಡ. ಗಾಡಿಗೆ ಹಾಕುವ ಮೊದಲು 3 ವೋಲ್ಟಿನ ಆಸುಪಾಸಿನಲ್ಲಿ, ಲೋಡ್ ಇಲ್ಲದೆ ಸ್ವಲ್ಪ ಹೊತ್ತು ತಿರುಗಲು ಬಿಡು. ಚಪ್ಪಟೆ ಬ್ರಷ್ಷಿನ ತುದಿ ಕಮ್ಯುಟೇಟರಿನ ದುಂಡು ಮೈಗೆ ಸರಿಯಾಗಿ ಸವೆದು ಕೂರುತ್ತದೆ. ಕೆಲವರು ಇದನ್ನೇ ನೀರಲ್ಲಿ ಮುಳುಗಿಸಿ ಬೇಗ ಮಾಡುತ್ತಾರೆ. ನನಗೆ ಅದು ಇಷ್ಟ ಇಲ್ಲ, ಬೇರಿಂಗಿಗೆ ಮೊದಲ ದಿನವೇ ನೀರು ಯಾಕೆ ಕುಡಿಸಬೇಕು? ಬೇರಿಂಗಿಗೆ ಒಂದು ತೊಟ್ಟು ತೆಳು ಎಣ್ಣೆ ಸಾಕು. ಕಮ್ಯುಟೇಟರ್ ಕಡೆ ಎಣ್ಣೆ ಹೋಗದ ಹಾಗೆ ನೋಡಿಕೋ. ಎಣ್ಣೆಗೆ ಇಂಗಾಲದ ಪುಡಿ ಸೇರಿದರೆ ಪಟ್ಟಿಗಳ ಮಧ್ಯದ ಸಂದಿಯಲ್ಲಿ ಕೂತು ಶಾರ್ಟ್ ಮಾಡುತ್ತದೆ.

ಪಿನಿಯನ್ ಕೂರಿಸುವಾಗ ಎರಡು ಗೇರಿನ ಮಧ್ಯೆ ನೋಟ್‌ಬುಕ್ ಹಾಳೆಯ ಒಂದು ಚೂರು ಸಿಕ್ಕಿಸಿ ಬಿಗಿ ಮಾಡು, ಆಮೇಲೆ ಹಾಳೆ ತೆಗೆ. ಅಷ್ಟು ಸಂದು ಸಾಕು.

ಗಾಡಿ ಸಿಕ್ಕಿಕೊಂಡರೆ ಥ್ರಾಟಲ್ ಒತ್ತಿ ಹಿಡಿಯಬೇಡ. ಬಿಡು, ಸ್ವಲ್ಪ ಹಿಂದೆ ತಗೋ, ದಾರಿ ಬದಲಿಸಿ ಮತ್ತೆ ಹತ್ತಿಸು.

ಮೋಟಾರ್ ಕಟ್ಟುವ ಸ್ಕ್ರೂ 3 ಎಂಎಂನದು. ಡಬ್ಬಿಯ ಮೂತಿ ದಾಟಿ ಒಳಗೆ ಹೋಗುವಷ್ಟು ಉದ್ದದ್ದು ಹಾಕಿದರೆ ತುದಿ ವೈಂಡಿಂಗಿಗೆ ತಾಗುತ್ತದೆ. ಹಳೆಯ ಸ್ಕ್ರೂಗಳನ್ನೇ ಹಾಕು, ಕಟ್ಟಿದ ಮೇಲೆ ಶಾಫ್ಟನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿಯೇ ಬ್ಯಾಟರಿ ಕೊಡು.